ಸ್ಮಶಾನ ಶಿಲ್ಪದ ಸಿಲೂಯೆಟ್: ತೆಗೆಯುವ ಬಗೆ, ಓದುವ ಬಗೆ

ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ನಿಂತಿರುವ ದೇವದೂತರು, ಶಿಲುಬೆಗಳು, ಮುಸುಕು ಹೊದ್ದ ಕುಂಭಗಳು, ಮುರಿದಂತೆ ಕೆತ್ತಿದ ಕಂಬಗಳು ನಡುಹಗಲಿನ ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಮಳೆಗೆ, ಪಾಚಿಗೆ, ವಾಹನಗಳ ಹೊಗೆಗೆ ಅಮೃತಶಿಲೆ ಕರೆ ಕಟ್ಟಿರುತ್ತದೆ. ಹಿಂದೆ ಯಾರದೋ ಮನೆಯ ನೀರಿನ ಟ್ಯಾಂಕ್, ಪಕ್ಕದಲ್ಲಿ ನಿನ್ನೆಯ ಬಾಡಿದ ಹೂಗುಚ್ಛ, ಹೀಗೆ ಚೌಕಟ್ಟಿನೊಳಗೆ ಬೇಡದ್ದೇ ಹೆಚ್ಚು ತುಂಬಿಕೊಳ್ಳುತ್ತದೆ. ಅದೇ ಶಿಲ್ಪವನ್ನು ಸಂಜೆಯ ಆಕಾಶಕ್ಕೆ ಎದುರಾಗಿಟ್ಟು, ಕಲ್ಲು ಪೂರ್ತಿ ಕಪ್ಪಾಗುವಂತೆ ತೆಗೆದರೆ, ಕರೆ, ಪಾಚಿ, ಬರಹ, ಮುಖ ಎಲ್ಲವೂ ಅಳಿಸಿಹೋಗಿ ಅಂಚು ಮಾತ್ರ ಉಳಿಯುತ್ತದೆ. ಇಂಥ ಚಿತ್ರವೇ ಸಿಲೂಯೆಟ್. ಸಿಲೂಯೆಟ್‌ನ ಬಲವೂ ಅದೇ, ತೊಡಕೂ ಅದೇ. ಅಂಚಿನಲ್ಲಿ ಅರ್ಥವಿರುವ ಶಿಲ್ಪ ಅದರಿಂದ ಗೆಲ್ಲುತ್ತದೆ, ಅರ್ಥವನ್ನು ಒಳಗೆ ಇಟ್ಟುಕೊಂಡ ಶಿಲ್ಪ ಸೋಲುತ್ತದೆ. ಆದ್ದರಿಂದ ಕ್ಯಾಮೆರಾದ ವಿಚಾರಕ್ಕೆ ಹೋಗುವ ಮುನ್ನ ಯಾವ ಶಿಲ್ಪವನ್ನು ಆರಿಸಿಕೊಳ್ಳಬೇಕು ಎಂಬುದನ್ನು ನೋಡಬೇಕು.

ಆರಿಸುವುದಕ್ಕೆ ನಾನು ಬಳಸುವ ಪರೀಕ್ಷೆ ಬಹಳ ಸರಳವಾದದ್ದು. ಶಿಲ್ಪದ ಎದುರು ನಿಂತು ಕಣ್ಣನ್ನು ಅರ್ಧ ಮುಚ್ಚಿ, ಅದರ ಮೈಯಲ್ಲಿ ಎಲ್ಲೆಲ್ಲಿ ಆಕಾಶ ತೂರಿ ಬರುತ್ತದೆ ಎಂದು ಎಣಿಸುತ್ತೇನೆ. ಎತ್ತಿದ ತೋಳಿಗೂ ತಲೆಗೂ ನಡುವೆ, ರೆಕ್ಕೆಗೂ ಭುಜಕ್ಕೂ ನಡುವೆ, ಸೊಂಟಕ್ಕೂ ಮಡಿಸಿದ ಮೊಣಕೈಗೂ ನಡುವೆ ಇಂಥ ಬೆಳಕಿನ ಕಿಂಡಿಗಳು ಎರಡು ಮೂರಾದರೂ ಸಿಕ್ಕಿದರೆ ಚಿತ್ರ ನಿಲ್ಲುತ್ತದೆ. ಒಂದೂ ಸಿಗದಿದ್ದರೆ ಎಷ್ಟೇ ಸುಂದರ ಶಿಲ್ಪವಾದರೂ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಎದುರು ಮುಖಕ್ಕಿಂತ ಪಕ್ಕದ ಮುಖ ಯಾವಾಗಲೂ ಲೇಸು, ಏಕೆಂದರೆ ಹಣೆ, ಮೂಗು, ಗಲ್ಲಗಳು ಅಂಚಿನ ಮೇಲೆ ಬರುವುದು ಪಕ್ಕದಿಂದ ನೋಡಿದಾಗ ಮಾತ್ರ. ಒಂದು ಹೆಜ್ಜೆ ಎಡಕ್ಕೆ ಸರಿದರೆ ಕಿಂಡಿ ತೆರೆಯುತ್ತದೆ, ಇನ್ನೊಂದು ಹೆಜ್ಜೆಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಶಿಲ್ಪವನ್ನು ಒಂದು ಸುತ್ತು ಪೂರ್ತಿ ಬಂದು ನೋಡದೆ ಟ್ರೈಪಾಡ್ ಬಿಚ್ಚಬಾರದು.

ಈ ಪರೀಕ್ಷೆಯಲ್ಲಿ ಉಬ್ಬುಶಿಲ್ಪಗಳೆಲ್ಲ ಬಿದ್ದುಹೋಗುತ್ತವೆ. ನಮ್ಮ ವೀರಗಲ್ಲನ್ನೇ ತೆಗೆದುಕೊಳ್ಳಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು ಎಂದು ಇಡೀ ಕಥೆ ಕಲ್ಲಿನ ಮುಖದ ಮೇಲೆಯೇ ಇದೆ. ಅದನ್ನು ಬೆಳಕಿಗೆ ಅಡ್ಡಲಾಗಿಟ್ಟು ತೆಗೆದರೆ ಉಳಿಯುವುದು ಹೊಲದಲ್ಲಿ ನೆಟ್ಟ ಒಂದು ಚಪ್ಪಡಿ ಮಾತ್ರ. ಮಾಸ್ತಿಗಲ್ಲಿನ ಬಳೆ ತೊಟ್ಟ ಕೈಯೂ ಹಾಗೆಯೇ ಮಾಯವಾಗುತ್ತದೆ. ಅವುಗಳಿಗೆ ಬೇಕಾದದ್ದು ಬೆಳಗಿನ ಏಳು ಗಂಟೆಯ ಓರೆ ಬಿಸಿಲು, ಹಿಂಬದಿಯ ಬೆಳಕಲ್ಲ. ಸ್ಮಶಾನಗಳಲ್ಲಿ ಸಿಗುವ, ಒಂದನ್ನೊಂದು ಹಿಡಿದ ಎರಡು ಕೈಗಳ ಕೆತ್ತನೆ, ಚಪ್ಪಡಿಯ ಮೇಲಿನ ಹೂಬಳ್ಳಿ, ಮಕ್ಕಳ ಸಮಾಧಿಯ ಮೇಲೆ ಮಲಗಿದ ಪುಟ್ಟ ಕುರಿಮರಿ, ಇವಕ್ಕೂ ಇದೇ ಮಾತು ಸಲ್ಲುತ್ತದೆ.

ಹೆಸರಾಂತ ಮೂರು ಶಿಲ್ಪಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಲೇಕ್ ವ್ಯೂ ಸ್ಮಶಾನದಲ್ಲಿ ಹರ್ಮನ್ ಮ್ಯಾಟ್ಸನ್ 1924ರಲ್ಲಿ ಮಾಡಿದ ಹ್ಯಾಸರಾಟ್ ದೇವದೂತ ರೆಕ್ಕೆ ಹರಡಿ ಕುಳಿತು, ತಲೆಕೆಳಗಾದ ಪಂಜಿನ ಮೇಲೆ ಕೈಯೂರಿದೆ. ಕಂಚು ಕಿಲುಬುಗಟ್ಟಿ ಅದರ ಕಣ್ಣುಗಳಿಂದ ಕಪ್ಪು ಕಂಬನಿ ಇಳಿದಂತೆ ಕಾಣುವುದರಿಂದ ಎಲ್ಲರೂ ಮುಖವನ್ನೇ ತೆಗೆಯುತ್ತಾರೆ. ಸಿಲೂಯೆಟ್‌ನಲ್ಲಿ ಆ ಕಂಬನಿ ಹೋಗುತ್ತದೆ, ಆದರೆ ರೆಕ್ಕೆ ಉಳಿಯುತ್ತದೆ, ಮಳೆ ಬಿಡಿಸಿದ ಅಳುವಿಗಿಂತ ಶಿಲ್ಪಿ ಕಡೆದ ಭಂಗಿ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಅದು ಲಾಭವೇ. ರೋಮ್‌ನ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ ವಿಲಿಯಂ ವೆಟ್‌ಮೋರ್ ಸ್ಟೋರಿ ತನ್ನ ಹೆಂಡತಿಗಾಗಿ 1894ರಲ್ಲಿ ಕಡೆದ ದುಃಖದ ದೇವದೂತ ಬಲಿಪೀಠದ ಮೇಲೆ ಮುಖ ಹುದುಗಿಸಿ ಕುಸಿದಿದೆ, ಒಂದು ತೋಳು ಮುಂದಕ್ಕೆ ಜೋತಿದೆ, ರೆಕ್ಕೆಗಳು ಬಸವಳಿದು ಇಳಿಬಿದ್ದಿವೆ. ಮುಖವನ್ನು ಶಿಲ್ಪಿಯೇ ಬಚ್ಚಿಟ್ಟಿರುವಾಗ ಸಿಲೂಯೆಟ್ ಕಿತ್ತುಕೊಳ್ಳುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ. ಪಕ್ಕದಿಂದ ನೋಡಿದರೆ ಆ ಕುಸಿತದ ರೇಖೆಯೊಂದೇ ಸಾಕು. ಮೂರನೆಯದು ವಾಷಿಂಗ್ಟನ್‌ನ ರಾಕ್ ಕ್ರೀಕ್ ಸ್ಮಶಾನದ ಆಡಮ್ಸ್ ಸ್ಮಾರಕ. 1891ರಲ್ಲಿ ಆಗಸ್ಟಸ್ ಸೇಂಟ್-ಗಾಡೆನ್ಸ್ ಮುಗಿಸಿದ ಈ ಕಂಚಿನ ಮೂರ್ತಿ ತಲೆತುಂಬ ಮುಸುಕು ಹೊದ್ದು ಕುಳಿತಿದೆ, ಅದರ ಸತ್ವವೆಲ್ಲ ಮುಸುಕಿನ ನೆರಳಿನಲ್ಲಿ ಅರ್ಧ ಕಾಣುವ ಮುಖದಲ್ಲಿದೆ. ಹೆಂಡತಿಯ ನೆನಪಿಗೆ ಅದನ್ನು ಮಾಡಿಸಿದ ಹೆನ್ರಿ ಆಡಮ್ಸ್‌ಗೆ ಬೌದ್ಧ ಶಿಲ್ಪದ ಪ್ರಶಾಂತತೆ ಬೇಕಾಗಿತ್ತು. ಅಲ್ಲಿ ಹೆಸರನ್ನಾಗಲಿ ಬರಹವನ್ನಾಗಲಿ ಕೆತ್ತಿಸಲಿಲ್ಲ, ಜನ ಅದನ್ನು ‘ದುಃಖ’ ಎಂದು ಕರೆದದ್ದು ಅವನಿಗೆ ಹಿಡಿಸಲೂ ಇಲ್ಲ. ಅದನ್ನು ಸಿಲೂಯೆಟ್ ಮಾಡುವುದೆಂದರೆ ಕಂಬಳಿ ಹೊದ್ದ ಬಂಡೆಯ ಚಿತ್ರ ತೆಗೆದಂತೆ.

ಇನ್ನು ಹೊತ್ತು ಮತ್ತು ದಿಕ್ಕಿನ ವಿಚಾರ. ನಮ್ಮ ಕಡೆಯ ಸ್ಮಶಾನಗಳಲ್ಲಿ ಬಹುಪಾಲು ಸಂಜೆ ಸೂರ್ಯ ಮುಳುಗುವ ಮೊದಲೇ ಗೇಟು ಹಾಕುತ್ತಾರೆ, ಆದ್ದರಿಂದ ಕಾವಲುಗಾರನೊಂದಿಗೆ ಅಥವಾ ಚರ್ಚಿನ ಕಚೇರಿಯೊಂದಿಗೆ ಮೊದಲೇ ಮಾತನಾಡಿ ಅನುಮತಿ ಪಡೆಯುವುದು ಬರಿಯ ಸೌಜನ್ಯವಲ್ಲ, ಕೆಲಸಕ್ಕೇ ಅಗತ್ಯ. ಟ್ರೈಪಾಡ್ ತರುತ್ತೇನೆ ಎಂಬುದನ್ನೂ ಹೇಳಿಬಿಡಬೇಕು. ಮಣ್ಣು ಹಸಿಯಾಗಿರುವ ಸಮಾಧಿಯತ್ತ ಲೆನ್ಸ್ ತಿರುಗಿಸಬಾರದು, ಚಪ್ಪಡಿಯ ಮೇಲೆ ಕಾಲಿಡಬಾರದು, ನವೆಂಬರ್ 2ರಂದು ಕುಟುಂಬಗಳು ಮೃತರ ಸ್ಮರಣೆಗೆ ಹೂವು, ಮೇಣದಬತ್ತಿ ಹಿಡಿದು ಬರುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ.

ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಡಿಸೆಂಬರ್ ಕೊನೆಯಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಡಿಗ್ರಿ ಬಲಕ್ಕೆ. ವರ್ಷದಲ್ಲಿ ಒಟ್ಟು 48 ಡಿಗ್ರಿಯ ಈ ಓಡಾಟ ಚಿಕ್ಕದೇನಲ್ಲ: ಜನವರಿಯಲ್ಲಿ ಮರದ ಹಿಂದೆ ಅಡಗುವ ಸೂರ್ಯ ಏಪ್ರಿಲ್‌ನಲ್ಲಿ ಅದೇ ದೇವದೂತನ ರೆಕ್ಕೆಯ ತುದಿಗೆ ಬಂದು ಕೂರಬಹುದು. ಬಹಳಷ್ಟು ಸಮಾಧಿಗಳನ್ನು ಪೂರ್ವ-ಪಶ್ಚಿಮವಾಗಿ ಇಟ್ಟಿರುವುದರಿಂದ, ಬೆಳಿಗ್ಗೆ ಒಂದು ಬದಿಯಿಂದ ಸೋತ ಶಿಲ್ಪ ಸಂಜೆ ಇನ್ನೊಂದು ಬದಿಯಿಂದ ಒಲಿಯುವುದೂ ಉಂಟು. ಸೂರ್ಯ ಮುಳುಗಿದ ಮೇಲೆ ಬಳಸಬಹುದಾದ ಬೆಳಕು ನಮ್ಮಲ್ಲಿ 20ರಿಂದ 25 ನಿಮಿಷ ಮಾತ್ರ. ಲಂಡನ್‌ನ ಬೇಸಿಗೆಯಲ್ಲಿ ಅದು ಮುಕ್ಕಾಲು ಗಂಟೆ ಎಳೆಯುತ್ತದೆ, ಅಲ್ಲಿಯವರು ಬರೆದ ಸಲಹೆಗಳನ್ನು ನಂಬಿ ಇಲ್ಲಿ ನಿಧಾನ ಮಾಡಿದರೆ ಕತ್ತಲೆಯೇ ಗತಿ.

ಸೂರ್ಯಬಿಂಬವನ್ನೇ ಶಿಲ್ಪದ ತಲೆಯ ಹಿಂದೆ ಪ್ರಭಾವಳಿಯಂತೆ ಕೂರಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೊಂದು ಲೆಕ್ಕವಿದೆ. ಭೂಮಿಯಿಂದ ನೋಡುವಾಗ ಸೂರ್ಯನ ದೂರ ಅವನ ವ್ಯಾಸದ ಸುಮಾರು 108 ಪಟ್ಟು, ಜಪಮಾಲೆಯ ಮಣಿಗಳಷ್ಟೇ ಆದ್ದರಿಂದ ಮರೆಯುವ ಭಯವಿಲ್ಲ. ಹಾಗಾಗಿ ಯಾವ ವಸ್ತುವಾದರೂ ತನ್ನ ಅಳತೆಯ 108 ಪಟ್ಟು ದೂರದಿಂದ ನೋಡಿದಾಗ ಸೂರ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. 25 ಸೆಂಟಿಮೀಟರ್ ಎತ್ತರದ ತಲೆಗೆ 27 ಮೀಟರ್ ದೂರ ಬೇಕು. ಅದಕ್ಕಿಂತ ಹಿಂದೆ ಸರಿದರೆ ಬಿಂಬ ತಲೆಯನ್ನು ಮೀರಿ ಪ್ರಭೆಯಾಗುತ್ತದೆ, ಹತ್ತಿರ ಬಂದರೆ ತಲೆಯ ಮರೆಗೆ ಅಡಗುತ್ತದೆ. ಆ ತಲೆ ನೆಲದಿಂದ ಮೂರು ಮೀಟರ್ ಎತ್ತರದಲ್ಲಿದ್ದು, ನೀವು ಮಂಡಿಯೂರಿ ಕ್ಯಾಮೆರಾವನ್ನು ಒಂದು ಮೀಟರ್ ಎತ್ತರದಲ್ಲಿ ಹಿಡಿದಿದ್ದರೆ, 27 ಮೀಟರ್ ದೂರದಿಂದ ಅದು ಕಣ್ಮಟ್ಟಕ್ಕಿಂತ ಸುಮಾರು ನಾಲ್ಕು ಡಿಗ್ರಿ ಮೇಲೆ ಕಾಣುತ್ತದೆ. ಸೂರ್ಯ ಆ ಎತ್ತರಕ್ಕೆ ಬರುವುದು ಮುಳುಗುವ ಹೊತ್ತಿಗೆ ಸುಮಾರು 20 ನಿಮಿಷ ಮೊದಲು. ಬಿಂಬ ತನ್ನ ಅಗಲದಷ್ಟು ಸರಿಯಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು, ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು. 200 ಮಿಲಿಮೀಟರ್ ಲೆನ್ಸ್ ಇದಕ್ಕೆ ಅನುಕೂಲ. ಆದರೆ ಅಂಥ ಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರ್‌ಗೆ ಕಣ್ಣಿಟ್ಟು ಸೂರ್ಯನನ್ನು ಎಂದಿಗೂ ನೋಡಬಾರದು, ಕಣ್ಣು ಸುಟ್ಟುಹೋಗಬಹುದು. ಹಿಂಬದಿಯ ಪರದೆಯಲ್ಲೇ ಚೌಕಟ್ಟು ಹೊಂದಿಸಿಕೊಂಡು, ತೆಗೆಯದಿರುವಾಗ ಲೆನ್ಸನ್ನು ಸೂರ್ಯನಿಂದ ಆಚೆ ತಿರುಗಿಸಿಡಬೇಕು.

ಎಕ್ಸ್‌ಪೋಷರ್ (ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಎಂಬ) ವಿಚಾರ ಇದಕ್ಕಿಂತ ಸುಲಭ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕಪ್ಪು ಕಲ್ಲನ್ನು ಕಂಡು ಮರುಗಿ ಅದನ್ನು ಬೆಳಗಿಸಲು ಹೋಗುತ್ತದೆ, ಆಕಾಶ ಬಿಳುಚಿಕೊಳ್ಳುತ್ತದೆ. ಆದ್ದರಿಂದ ಮ್ಯಾನುಯಲ್‌ನಲ್ಲಿಟ್ಟು, ಸೂರ್ಯನ ಪಕ್ಕದ ಆಕಾಶದಿಂದ, ಸೂರ್ಯನಿಂದಲ್ಲ, ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ನೋಡುವ ಸ್ಪಾಟ್ ಮೀಟರ್‌ನಲ್ಲಿ ಬೆಳಕನ್ನು ಅಳೆದು, ಅದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕು, ಇಡುವುದು ನನ್ನ ರೂಢಿ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಶಟರ್ 1/250 ಸೆಕೆಂಡು ಎಂದು ಆರಂಭಿಸಿ, ಬೆಳಕು ಇಳಿದಂತೆ 1/125, 1/60 ಎಂದು ಶಟರನ್ನು ಮಾತ್ರ ನಿಧಾನಿಸುತ್ತ ಹೋಗಬಹುದು. ಅಲ್ಲಿಂದ ಮುಂದಕ್ಕೆ ಟ್ರೈಪಾಡ್ ಬೇಕು. ಹಿಸ್ಟೋಗ್ರಾಮ್, ಅಂದರೆ ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಎಡಗೋಡೆಗೆ ರಾಶಿ ಬಿದ್ದರೆ ಗಾಬರಿಪಡಬೇಕಾಗಿಲ್ಲ, ಆ ರಾಶಿಯೇ ನಿಮ್ಮ ಶಿಲ್ಪ. ಬಣ್ಣದ ಛಾಯೆಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಸಂಜೆಯ ಕೆಂಪನ್ನು ಕ್ಯಾಮೆರಾ ತೊಳೆದುಹಾಕುತ್ತದೆ, ಅದನ್ನು ಡೇಲೈಟ್‌ಗೆ ಕಟ್ಟಿಹಾಕಿ. ಫೋಕಸ್ ಸಿಗುವುದು ಕಪ್ಪು ಮೈಯ ನಡುವಿನಲ್ಲಲ್ಲ, ಕಲ್ಲು ಮುಗಿದು ಆಕಾಶ ಶುರುವಾಗುವ ಗೆರೆಯ ಮೇಲೆ. ಲೆನ್ಸಿನ ಮುಂದಿನ ಯುವಿ ಫಿಲ್ಟರನ್ನು ಕಳಚಿಡಿ, ಇಲ್ಲವಾದರೆ ಸೂರ್ಯನ ಹಸಿರು ಪ್ರತಿಬಿಂಬವೊಂದು ದೇವದೂತನ ಎದೆಯ ಮೇಲೆ ಬಂದು ಕೂರುತ್ತದೆ.

ಮೊಬೈಲ್‌ನಲ್ಲಿ ತೆಗೆಯುವವರಿಗೆ ಎರಡೇ ಮಾತು. ಪರದೆಯ ಮೇಲೆ ಆಕಾಶದ ಬೆಳಗುವ ಭಾಗವನ್ನು ಒತ್ತಿ ಹಿಡಿದು ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಎಚ್‌ಡಿಆರ್ ಅನ್ನು ಆಫ್ ಮಾಡುವ ಅವಕಾಶ ನಿಮ್ಮ ಫೋನಿನಲ್ಲಿದ್ದರೆ ಆಫ್ ಮಾಡಿ, ಏಕೆಂದರೆ ನೀವು ಕಷ್ಟಪಟ್ಟು ಕಪ್ಪಾಗಿಸಿದ್ದನ್ನೆಲ್ಲ ಮತ್ತೆ ಬೆಳಗಿಸುವುದೇ ಅದರ ಉದ್ಯೋಗ.

ನಗರದ ಸ್ಮಶಾನದಲ್ಲಿ ನಿಜವಾದ ಹೋರಾಟ ಹಿನ್ನೆಲೆಯೊಂದಿಗೆ. ಕಪ್ಪು ಶಿಲ್ಪದ ಹಿಂದೆ ಕಪ್ಪು ಮರ ಬಂದರೆ ಎರಡೂ ಅಂಟಿಕೊಂಡು, ದೇವದೂತನ ತಲೆಯಿಂದ ತೆಂಗಿನಗರಿ ಮೊಳೆತಂತೆ ಆಗುತ್ತದೆ. ವಿದ್ಯುತ್ ತಂತಿ, ಮೊಬೈಲ್ ಟವರ್, ಅಪಾರ್ಟ್‌ಮೆಂಟಿನ ಮೇಲಂತಸ್ತು ಇವೂ ಸಿಲೂಯೆಟ್‌ನಲ್ಲಿ ಶಿಲ್ಪದಷ್ಟೇ ಕಪ್ಪು, ಶಿಲ್ಪದಷ್ಟೇ ಗಟ್ಟಿ. ಇದಕ್ಕೆ ಮದ್ದು ಮಂಡಿಯೂರುವುದು, ಸಾಲದಿದ್ದರೆ ಬೋರಲು ಮಲಗುವುದು. ಕ್ಯಾಮೆರಾ ಒಂದು ಅಡಿ ಕೆಳಗಿಳಿದರೆ ಹತ್ತಿರದ ಶಿಲ್ಪ ಮೇಲಕ್ಕೇರುತ್ತದೆ, ದೂರದ ಕಟ್ಟಡ ಅದರ ಪೀಠದ ಮರೆಗೆ ಕುಗ್ಗುತ್ತದೆ. ಹಳೇ ಚಾಪೆಯೊಂದನ್ನು ಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಸ್ಮಶಾನದ ಹುಲ್ಲಿನಲ್ಲಿ ಕಟ್ಟಿರುವೆ ಧಾರಾಳ. ಮೋಡ ಮುಚ್ಚಿದ ದಿನವೂ ಕೈಬಿಡಬೇಕಾಗಿಲ್ಲ, ಬಣ್ಣವಿಲ್ಲದ ಬಿಳಿ ಆಕಾಶಕ್ಕೆ ಎದುರಾಗಿ ಶಿಲುಬೆಯಂಥ ಸರಳ ಆಕೃತಿಗಳು ಮಸಿಯಲ್ಲಿ ಬರೆದಂತೆ ಬರುತ್ತವೆ. ಕಂಪ್ಯೂಟರಿನಲ್ಲಿ ಮಾಡಬೇಕಾದದ್ದು ಕಡಿಮೆ: ಕಪ್ಪಿನ ಮಟ್ಟವನ್ನು ತುಸು ಇಳಿಸಿ ಕಲ್ಲಿನ ಮೇಲೆ ಉಳಿದ ಬೂದು ಕಲೆಗಳನ್ನು ಮುಳುಗಿಸಿದರೆ ಸಾಕು. ಆಕಾಶಕ್ಕೆ ಕಿತ್ತಳೆ ಬಣ್ಣ ಬಳಿಯುವ ಚಟ ನನಗೂ ಇತ್ತು, ಈಗ ಬಿಟ್ಟಿದ್ದೇನೆ.

ಚಿತ್ರ ಸಿಕ್ಕಿದ ಮೇಲೆ ಅರ್ಥದ ಪ್ರಶ್ನೆ ಏಳುತ್ತದೆ, ಇಲ್ಲಿಯೇ ನಾನು ಚೆನ್ನಾಗಿ ಎಡವಿದ್ದೇನೆ. ಬೆಂಗಳೂರಿನ ಹಳೆಯ ಸ್ಮಶಾನವೊಂದರಲ್ಲಿ ಒಂದು ಸಂಜೆ, ಒರಟು ಕಲ್ಲಿನ ಪೀಠದ ಮೇಲೆ ಓರೆಯಾಗಿ ಮಲಗಿದ ಉದ್ದನೆಯ ಕೋಲು, ಅದರ ತುದಿಯಲ್ಲಿ ಬಾಗಿದ ಮೊನೆ ಕಂಡಿತು. ಹಿಂಬದಿಯಿಂದ, ತಗ್ಗಿನಿಂದ ನೋಡುತ್ತಿದ್ದ ನನ್ನ ಕಣ್ಣಿಗೆ ಅದು ನೇಗಿಲು. ಈಸು, ಕುಳ ಎಲ್ಲವೂ ಇದ್ದಂತೆಯೇ ತೋರಿತು. ಮಣ್ಣಿಗೆ ಸೇರಿದವನ ಮೇಲೆ ನೇಗಿಲಿಟ್ಟ ಕುಟುಂಬ ಯಾವುದಿರಬಹುದು ಎಂದು ಮನಸ್ಸಿನಲ್ಲೇ ಕಥೆ ಹೆಣೆಯುತ್ತ ಹತ್ತು ಹನ್ನೆರಡು ಚಿತ್ರ ತೆಗೆದೆ. ಗೇಟು ಹಾಕಲು ಬಂದ ಕಾವಲುಗಾರ ಕ್ಯಾಮೆರಾದ ಪರದೆಯನ್ನು ಇಣುಕಿ ನೋಡಿ, “ಎಲ್ಲಾ ಕಪ್ಪಗೈತಲ್ಲ ಸಾರ್, ಯಾರ ಗೋರಿ ಅಂತ ಹೆಂಗೆ ಗೊತ್ತಾಗ್ತದೆ?” ಎಂದ. ಉತ್ತರ ಹೊಳೆಯದೆ ಅವನೊಂದಿಗೆ ಎದುರುಬದಿಗೆ ಸುತ್ತಿ ಬಂದೆ. ಅಲ್ಲಿ ಕೋಲಿನ ತುದಿಗೆ ಒಂದಲ್ಲ ಎರಡು ಬಾಗಿದ ಮೊನೆಗಳಿದ್ದವು, ಇನ್ನೊಂದು ಪೀಠದ ಮರೆಯಲ್ಲಿತ್ತು. ಕೋಲಿನ ಮೇಲ್ಭಾಗದಲ್ಲಿ ಬಳೆ, ಬಳೆಯಿಂದ ಇಳಿದ ಕಲ್ಲಿನ ಸರಪಣಿ. ಅದು ಹಡಗಿನ ಲಂಗರು.

ಕಡಲಿಲ್ಲದ ಊರಿನಲ್ಲಿ ಲಂಗರು ಏಕೆ ಎಂಬುದಕ್ಕೆ ಉತ್ತರ ಬೈಬಲಿನಲ್ಲಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ನಿರೀಕ್ಷೆಯನ್ನು ಆತ್ಮದ ಲಂಗರಿಗೆ ಹೋಲಿಸುತ್ತದೆ, ರೋಮ್‌ನ ನೆಲಮಾಳಿಗೆಯ ಸಮಾಧಿಗಳ ಕಾಲದಿಂದಲೂ ಕ್ರೈಸ್ತರು ಆ ಗುರುತನ್ನು ಬಳಸುತ್ತ ಬಂದಿದ್ದಾರೆ. ಲಂಗರನ್ನು ಕಂಡೊಡನೆ ನಾವಿಕನ ಸಮಾಧಿ ಎಂದು ತೀರ್ಮಾನಿಸುವುದೂ ಹಾಗಾಗಿ ತಪ್ಪಾಗಬಹುದು. ಕಾವಲುಗಾರನ ಪ್ರಶ್ನೆಯ ಅನಂತರ ನಾನು ಒಂದು ನಿಯಮ ಮಾಡಿಕೊಂಡೆ: ಪ್ರತಿ ಸಿಲೂಯೆಟ್‌ಗೆ ಜೊತೆಯಾಗಿ ಅದೇ ಶಿಲ್ಪದ ಎದುರುಬದಿಯ ಸಾಧಾರಣ ಚಿತ್ರವೊಂದು, ಬರಹದ ಚಿತ್ರವೊಂದು ಇರಲೇಬೇಕು. ಬರಹ ಸವೆದಿದ್ದರೆ ಸುಣ್ಣ, ಸೀಮೆಸುಣ್ಣ ಬಳಿಯುವುದು ಕಲ್ಲಿಗೆ ಹಾನಿ. ಮೊಬೈಲಿನ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ ಅಕ್ಷರಗಳು ತಾವೇ ನೆರಳು ಚೆಲ್ಲಿ ಎದ್ದು ಬರುತ್ತವೆ.

ಸಿಲೂಯೆಟ್‌ನಲ್ಲಿ ಮೋಸ ಮಾಡುವ ಆಕೃತಿಗಳಲ್ಲಿ ಮುರಿದ ಕಂಬ ಮುಖ್ಯವಾದದ್ದು. ನಡುವಿನಲ್ಲೇ ತುಂಡಾದ ಕಂಬವೆಂದರೆ ನಡುವಯಸ್ಸಿಗೆ ಮೊದಲೇ ಕಡಿದುಹೋದ ಬಾಳು. ಅದನ್ನು ಹಾಗೆಯೇ ಕೆತ್ತಿರುತ್ತಾರೆ. ಆದರೆ ನಿಜವಾಗಿಯೂ ಮರ ಬಿದ್ದು ಮುರಿದ ಕಂಬವೂ ಆಕಾಶದ ಎದುರು ಅದೇ ರೀತಿ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ, ಕೆತ್ತಿದ ಮುರಿತ ನಯವಾಗಿ ಓರೆಯಾಗಿರುತ್ತದೆ, ಕೆಲವೊಮ್ಮೆ ಅದಕ್ಕೊಂದು ಹೂಮಾಲೆಯನ್ನೂ ಕಲ್ಲಿನಲ್ಲೇ ತೊಡಿಸಿರುತ್ತಾರೆ. ಆಕಸ್ಮಿಕ ಮುರಿತಕ್ಕೆ ಒರಟು ಹಲ್ಲುಗಳಿರುತ್ತವೆ, ಬಿದ್ದ ತುಂಡು ಹುಲ್ಲಿನಲ್ಲೆಲ್ಲೋ ಸಿಗುತ್ತದೆ. ದೇವದೂತನ ಎತ್ತಿದ ಕೈ ಇನ್ನೊಂದು. ಬೆರಳು ಮೇಲಕ್ಕೆ ತೋರಿದರೆ ಅದು ಪರಲೋಕದತ್ತ ಕೈ ತೋರಿಸುವ ಭಂಗಿ, ಕೈಯಲ್ಲಿ ತುತ್ತೂರಿ ಇದ್ದರೆ ಕೊನೆಯ ದಿನದ ಪುನರುತ್ಥಾನದ ಕರೆ. ಆ ತೋರುಬೆರಳೇ ಉದುರಿಹೋಗಿದ್ದರೆ ಸಿಲೂಯೆಟ್‌ನಲ್ಲಿ ಅದೇ ಕೈ ಮುಷ್ಟಿಯಾಗಿ, ಯಾರನ್ನೋ ಹೊಡೆಯಲು ಎತ್ತಿದಂತೆ ಕಾಣುತ್ತದೆ. ತಲೆಕೆಳಗಾದ ಪಂಜು ಆರಿದ ಜೀವದ ಗುರುತು. ಕೆಳಮುಖವಾದರೂ ಜ್ವಾಲೆಯನ್ನು ಕೆತ್ತಿದ್ದರೆ ಆತ್ಮ ಇನ್ನೂ ಉರಿಯುತ್ತಿದೆ ಎಂಬ ಅರ್ಥವನ್ನೂ ಹೇಳುತ್ತಾರೆ.

ನನ್ನನ್ನು ಬಹುಕಾಲ ಕಾಡಿದ್ದು ಮಾತ್ರ ಮುಸುಕು ಹೊದ್ದ ಕುಂಭ. ಕಪ್ಪು ಅಂಚಿನಲ್ಲಿ ಅದು ಥೇಟು ನಮ್ಮ ಕಲಶ, ಮೇಲೆ ತೆಂಗಿನಕಾಯಿಯ ಬದಲು ಇಳಿಬಿಟ್ಟ ಬಟ್ಟೆ. ಹಳೆಯ ಗ್ರೀಕರು ಮತ್ತು ರೋಮನ್ನರು ಸುಟ್ಟ ದೇಹದ ಬೂದಿಯನ್ನು ಇಂಥ ಪಾತ್ರೆಯಲ್ಲಿ ಇಡುತ್ತಿದ್ದರು. ಆ ಶೈಲಿಯನ್ನು ಮೆಚ್ಚಿ ಎರವಲು ತಂದ ಹದಿನೆಂಟು, ಹತ್ತೊಂಬತ್ತನೆಯ ಶತಮಾನದವರು ತಮ್ಮವರನ್ನು ಸುಡುತ್ತಿರಲಿಲ್ಲ, ಹೂಳುತ್ತಿದ್ದರು. ಹಾಗಾಗಿ ಆ ಕುಂಭದೊಳಗೆ ಏನೂ ಇಲ್ಲ, ಅದು ಇಡೀ ಕಲ್ಲು. ಸುಡುವ ನಮ್ಮಲ್ಲಿ ಚಿತೆಯ ಸುತ್ತ ತೂತು ಮಾಡಿದ ನೀರಿನ ಮಡಕೆ ಹೊತ್ತು ತಿರುಗಿ ಕೊನೆಗೆ ಅದನ್ನು ಒಡೆಯುತ್ತಾರೆ, ದೇಹವನ್ನು ಘಟವೆಂದೇ ಕರೆಯುತ್ತಾರೆ. ಈ ಎರಡು ಕುಂಭಗಳಿಗೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಅದನ್ನು ಕಡೆದ ಶಿಲ್ಪಿಗೆ ನಮ್ಮ ಮಡಕೆ ಗೊತ್ತಿರಬೇಕಾದ ಕಾರಣವೂ ಇಲ್ಲ. ಆದರೆ ವಿವರಗಳು ಅಳಿದ ಕಪ್ಪು ಆಕೃತಿಯೊಳಗೆ ನೋಡುವವನು ತನ್ನ ಮನೆಯ ನೆನಪನ್ನೇ ತುಂಬಿಕೊಳ್ಳುತ್ತಾನೆ, ನನ್ನ ನೇಗಿಲು ಹುಟ್ಟಿದ್ದೂ ಹಾಗೆಯೇ. ಚಿತ್ರದ ಕೆಳಗೆ ಬರೆಯುವಾಗ ಶಿಲ್ಪದ ಅರ್ಥ ಯಾವುದು, ನಮಗೆ ಅನಿಸಿದ್ದು ಯಾವುದು ಎಂಬುದನ್ನು ಎರಡು ಬೇರೆ ವಾಕ್ಯಗಳಲ್ಲಿ ಹೇಳಿದರೆ ಓದುವವರಿಗೆ ಗೊಂದಲವಾಗದು.

ಅತಿಯಾಗಿ ಅರ್ಥ ಹುಡುಕುವ ಅಪಾಯವೂ ಇದೆ. ಎಷ್ಟೋ ದೇವದೂತರು ಒಬ್ಬರಿಗಾಗಿಯೇ ಕಡೆದವರಲ್ಲ. ಶಿಲ್ಪಶಾಲೆಗಳ ಮಾದರಿಪುಸ್ತಕ ನೋಡಿ, ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಮನೆಯವರು ಆರಿಸಿಕೊಂಡವರು. ಮೊದಲು ಕೈ ಪಳಗಿಸಿಕೊಳ್ಳಲು ಇಂಥ ಮೂರ್ತಿಗಳಿಗಿಂತ ಬರಿಯ ಆಕಾರಗಳೇ ಮೇಲು ಎಂದು ನನ್ನ ಅಭಿಪ್ರಾಯ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಬಳಿ ಇರುವ ಗ್ಯಾರಿಸನ್ ಸ್ಮಶಾನ ಅದಕ್ಕೆ ಹೇಳಿ ಮಾಡಿಸಿದ ಜಾಗ. 1799ರ ಯುದ್ಧದ ಅನಂತರ ಅಲ್ಲಿ ನೆಲೆನಿಂತ ಸೈನ್ಯದವರು, ಅವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ರೆಜಿಮೆಂಟಿನವರೂ ಸೇರಿ, ಅವರ ಕುಟುಂಬದವರು ಹಲವರು ಅಲ್ಲಿ ಮಲಗಿದ್ದಾರೆ. ಚೂಪು ಗೋಪುರದಂಥ ಗೋರಿಗಳ ನೇರ ಅಂಚುಗಳು ಎಕ್ಸ್‌ಪೋಷರ್‌ನ ತಪ್ಪನ್ನು ಕೂಡಲೇ ತೋರಿಸಿಕೊಡುತ್ತವೆ. ಕೋಲ್ಕತ್ತಕ್ಕೆ ಹೋಗುವವರು 1767ರಲ್ಲಿ ತೆರೆದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನವನ್ನು ನೋಡಬಹುದು. ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್‌ನ ಸಮಾಧಿಯ ಎತ್ತರದ ಚೂಪುಗಂಬ ಅಲ್ಲಿದೆ. ಆದರೆ ಮರಗಳು ದಟ್ಟವಾಗಿರುವುದರಿಂದ ಬಯಲು ಆಕಾಶ ಕಡಿಮೆ, ಎಲೆಗಳ ಸಂದಿಯಲ್ಲಿ ಬರುವ ಬೆಳಕಿಗೆ ಕಾಯಬೇಕಾಗುತ್ತದೆ.

ಲಂಗರಿನ ಸಮಾಧಿಗೆ ಅನಂತರ ಎರಡು ಸಲ ಹೋಗಿ ಬಂದೆ. ಎರಡು ಮೊನೆಗಳೂ ಸರಪಣಿಯೂ ಒಟ್ಟಿಗೆ ಅಂಚಿನ ಮೇಲೆ ಬರುವ ಜಾಗ ಪೀಠದ ಪೂರ್ವಕ್ಕೆ ಎಂಟು ಹೆಜ್ಜೆ ದೂರದಲ್ಲಿ ಸಿಕ್ಕಿದೆ, ಆದರೆ ಡಿಸೆಂಬರ್‌ನ ಸೂರ್ಯ ಅಲ್ಲಿಂದ ನೋಡಿದರೆ ಒಂದು ಅಪಾರ್ಟ್‌ಮೆಂಟಿನ ಹಿಂದೆ ಇಳಿಯುತ್ತಾನೆ. ಏಪ್ರಿಲ್ ಹೊತ್ತಿಗೆ ಅವನು ಆ ಕಟ್ಟಡದ ಬಲಬದಿಯ ಬಯಲಿಗೆ ಸರಿದಿರುತ್ತಾನೆ. ಅಷ್ಟರಲ್ಲಿ ಹಿಂದಿನ ಹನ್ನೆರಡು ಚಿತ್ರಗಳಲ್ಲಿ ಒಂದನ್ನು ಅಚ್ಚು ಹಾಕಿಸಿ ಕಾವಲುಗಾರನಿಗೆ ಕೊಡಬೇಕು, ಹಿಂಬದಿಯಲ್ಲಿ ಎದುರುಗಡೆಯ ಬರಹದಲ್ಲಿದ್ದ ಹೆಸರನ್ನು ಬರೆದು.